ಸೀರೆಯ ಹಿಂಬದಿ: ಕೊರೊನಾ ಕಳೆದ ಮೇಲೆ ಜನ ಮತ್ತೆ ಅಂಗಡಿಗೆ ಬಂದದ್ದು ಯಾಕೆ?

2021ರ ಜುಲೈ. ಎರಡನೇ ಅಲೆಯ ಲಾಕ್‌ಡೌನ್ ಸಡಿಲಾಗಿ ಅಂಗಡಿಗಳು ಬಾಗಿಲು ತೆರೆದಿದ್ದವು. ಹುಬ್ಬಳ್ಳಿಯ ಜವಳಿ ಸಾಲಿನ ಒಂದು ಸೀರೆ ಅಂಗಡಿಯಲ್ಲಿ ನಮ್ಮ ಅವ್ವ ಗಾದಿಯ ಮೇಲೆ ಕೂತಿದ್ದಳು. ಮುಖಕ್ಕೆ ಮಾಸ್ಕ್, ಕೈಯಲ್ಲಿ ಇನ್ನೂ ಆರದ ಸ್ಯಾನಿಟೈಸರ್. ಅಂಗಡಿಯವರು ಕಸೂತಿ ಹಾಕಿದ ಇಳಕಲ್ ಸೀರೆಯೊಂದನ್ನು ಬಿಚ್ಚಿ ಮುಂದೆ ಹಾಸಿದರು. ಅವ್ವ ಬೆಲೆ ಕೇಳಲಿಲ್ಲ. ಸೆರಗಿನ ತುದಿ ಹಿಡಿದು ತಿರುವಿ ಹಿಂಬದಿ ನೋಡಿದಳು. ಬೆರಳಾಡಿಸಿದಳು. ಆಮೇಲೆ ತಲೆ ಎತ್ತಿ, "ಕೈ ಕೆಲಸ ಐತಿ, ಬಿಡ್ರಿ" ಅಂದಳು.

ಕಸೂತಿ ಬಲ್ಲವರು ಹೀಗೇ ನೋಡುವುದು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಹೊಲಿಯುತ್ತಾರೆ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಮುಂದೆ ಮೂಡಿದ ಗೋಪುರ, ತೇರು ಹಿಂದೆಯೂ ಹಾಗೇ ಮೂಡುತ್ತವೆ. ಮಷೀನಿನ ಕೆಲಸವಾದರೆ ಹಿಂದೆ ದಾರದ ಗೋಜಲು ಇರುತ್ತದೆ. ಅಚ್ಚು ಹೊಡೆದದ್ದಾದರೆ ಹಿಂದೆ ಬರೀ ಮಸುಕು ಬಣ್ಣ. ಅಂದರೆ ಸೀರೆಯ ನಿಜ ಅದರ ಬೆನ್ನಿನ ಮೇಲೆ ಬರೆದಿರುತ್ತದೆ.

ಅವ್ವನ ಅನುಮಾನಕ್ಕೆ ಕಾರಣ ನಾನೇ. ಆ ವರ್ಷದ ಏಪ್ರಿಲ್‌ನಲ್ಲಿ ಮತ್ತೆ ಲಾಕ್‌ಡೌನ್ ಬರುತ್ತದೆ ಎಂಬ ಮಾತು ಎಲ್ಲ ಕಡೆ ಹಬ್ಬಿತ್ತು. ಮೇ 14ರ ಬಸವ ಜಯಂತಿಯ ದಿನ ತಂಗಿಯ ಮದುವೆ. ಪೇಟೆಯ ಗದ್ದಲಕ್ಕೆ ಅವ್ವನನ್ನು ಕಳಿಸುವುದು ಬೇಡ ಅಂತ ಫೋನಿನಲ್ಲೇ ಸೀರೆ ತರಿಸಿದೆ. ಫೋಟೊ ಚೆಂದ ಇತ್ತು. 'ಕಸೂತಿ' ಎಂದೇ ಬರೆದಿತ್ತು. ಬಂದದ್ದು ಕಸೂತಿಯ ಚಿತ್ರ ಅಚ್ಚಾಗಿದ್ದ ಸೀರೆ. ಅವ್ವ ಬೈಯಲಿಲ್ಲ. ಮಡಚಿ ಕವರಿಗೆ ಹಾಕಿ, ಪೆಟ್ಟಿಗೆಯಲ್ಲಿದ್ದ ಹಳೇ ಸೀರೆ ತೆಗೆದು ಇಸ್ತ್ರಿ ಮಾಡಿಸಿದಳು. ದುಡ್ಡು ವಾಪಸ್ ಬಂತು, ಮದುವೆ ಮುಗಿದ ಮೇಲೆ.

ಆ ಎರಡು ವರ್ಷಗಳಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಇನ್ನು ಅಂಗಡಿಗಳ ಕಾಲ ಮುಗಿಯಿತು, ಒಮ್ಮೆ ಫೋನಿನಲ್ಲಿ ಕೊಳ್ಳುವುದು ರೂಢಿಯಾದರೆ ಯಾರೂ ಪೇಟೆಗೆ ಬರುವುದಿಲ್ಲ ಅಂತ. ಹಾಗೆ ಅನ್ನಿಸಲು ಕಾರಣವೂ ಇತ್ತು. ಲೆಕ್ಕ ಚೆನ್ನಾಗಿ ಇಡುವ ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿ ಕೊರೊನಾಕ್ಕೆ ಮೊದಲು ಚಿಲ್ಲರೆ ವ್ಯಾಪಾರದ ನೂರರಲ್ಲಿ ಸುಮಾರು 20 ಭಾಗ ಇಂಟರ್ನೆಟ್ ಮೂಲಕ ನಡೆಯುತ್ತಿತ್ತು. 2021ರ ಆರಂಭದ ಲಾಕ್‌ಡೌನ್‌ನಲ್ಲಿ ಅದು 37ರ ಹತ್ತಿರ ಹೋಯಿತು. ಅಂಗಡಿಗಳು ತೆರೆದ ಮೇಲೆ ಮತ್ತೆ ಇಳಿದು 26ರ ಆಸುಪಾಸಿಗೆ ಬಂದು ನಿಂತಿತು. ಅಮೆರಿಕದಲ್ಲೂ ಏರಿಕೆ, ಇಳಿಕೆ ಎರಡೂ ಆದವು, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ನಮ್ಮ ದೇಶದಲ್ಲಂತೂ ಇವತ್ತಿಗೂ ಚಿಲ್ಲರೆ ವ್ಯಾಪಾರದ ಹತ್ತರಲ್ಲಿ ಒಂಬತ್ತು ಭಾಗಕ್ಕಿಂತ ಜಾಸ್ತಿ ನಡೆಯುವುದು ಅಂಗಡಿ, ಸಂತೆ, ಗಾಡಿಗಳಲ್ಲೇ.

ಈ ಲೆಕ್ಕ ಎರಡು ಮಾತು ಹೇಳುತ್ತದೆ. ಜನ ವಾಪಸ್ ಬಂದರು. ಆದರೆ ಎಲ್ಲದಕ್ಕೂ ಬರಲಿಲ್ಲ. ಯಾವುದಕ್ಕೆ ಬಂದರು, ಯಾವುದಕ್ಕೆ ಬರಲಿಲ್ಲ ಎಂದು ಬಿಡಿಸಿ ನೋಡಿದರೆ ಕಾರಣ ತಾನಾಗಿ ಕಾಣುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಬಾಗಿಲು ತೆರೆದ ಮೊದಲ ವಾರಗಳಲ್ಲಿ ಹುಬ್ಬಳ್ಳಿಯ ಪೇಟೆಗಳಾದ ದುರ್ಗದಬೈಲ್, ಬ್ರಾಡ್‌ವೇಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆ ನೂಕುನುಗ್ಗಲು ಬೇರೆ ಕಥೆ. ತಿಂಗಳುಗಟ್ಟಲೆ ಮನೆಯೊಳಗೇ ಇದ್ದವರು ಹೊರಬಿದ್ದಾಗ ಹೀಗಾಗುತ್ತದೆ. ಚೀನಾದಲ್ಲಿ 2020ರಲ್ಲೇ ಇದಕ್ಕೆ 'ಸೇಡಿನ ಖರೀದಿ' ಎಂದು ಕರೆದರು. ಅದು ಬೇಗ ಇಳಿದುಹೋಗುವ ಜ್ವರ. ಆರು ತಿಂಗಳು, ವರ್ಷ ಕಳೆದ ಮೇಲೂ, ಕೈಯಲ್ಲಿ ಫೋನ್ ಇದ್ದೂ ಜನ ಬಸ್ ಹತ್ತಿ ಪೇಟೆಗೆ ಬರುತ್ತಿದ್ದಾರೆ ಅಂದರೆ ಅದಕ್ಕೆ ಬೇರೆಯೇ ವಿವರಣೆ ಬೇಕು.

ಅದಕ್ಕೆ ಬೇಕಾದ ಕೀಲಿಕೈ ಫಿಲಿಪ್ ನೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲೇ ಕೊಟ್ಟಿದ್ದಾರೆ. ಸರಕಿನ ಗುಣ ಎರಡು ಬಗೆಯದು ಅನ್ನುತ್ತಾರೆ ಅವರು. ಕೆಲವು ಗುಣಗಳನ್ನು ಕೊಳ್ಳುವ ಮೊದಲೇ ನೋಡಿ ತಿಳಿಯಬಹುದು. ಸೀರೆಯ ಬಣ್ಣ, ಚಪ್ಪಲಿಯ ಅಳತೆ ಹೀಗೆ. ಇನ್ನು ಕೆಲವು ಕೊಂಡು ಬಳಸಿದ ಮೇಲೆಯೇ ತಿಳಿಯುವಂಥವು. ಡಬ್ಬಿಯೊಳಗಿನ ಉಪ್ಪಿನಕಾಯಿಯ ರುಚಿ ಮುಚ್ಚಳ ತೆಗೆಯುವವರೆಗೆ ಗೊತ್ತಾಗುವುದಿಲ್ಲ ಅಲ್ವಾ, ಹಾಗೆ.

ಈಗ ಫೋನು ಏನು ಮಾಡಿತು ನೋಡಿ. ಮೊದಲ ಗುಂಪಿನಲ್ಲಿದ್ದ ಎಷ್ಟೋ ಸರಕನ್ನು ಎತ್ತಿ ಎರಡನೇ ಗುಂಪಿಗೆ ಹಾಕಿತು. ಅಂಗಡಿಯಲ್ಲಿ ಸೀರೆಯನ್ನು ನೋಡಿ ಕೊಳ್ಳುತ್ತೇವೆ. ಫೋನಿನಲ್ಲಿ ಕೊಂಡು ನೋಡುತ್ತೇವೆ. ಅಂಗಡಿಯ ಗಾದಿಯ ಮೇಲೆ ಎರಡು ನಿಮಿಷದಲ್ಲಿ ತೀರುವ ಅನುಮಾನ, ದುಡ್ಡು ಕೊಟ್ಟು ನಾಲ್ಕು ದಿನ ಕಾದು ಪೊಟ್ಟಣ ಒಡೆದಾಗ ತೀರುತ್ತದೆ. ಅಲ್ಲಿಯವರೆಗೆ ಆ ಅನುಮಾನ ಹೊರುವವರು ನಾವು. ವಾಪಸ್ ಕಳಿಸುವ ಸೌಲಭ್ಯ ಇದೆ, ನಿಜ. ಆದರೆ ಬಂದ ಪೊಟ್ಟಣ ಕಾಯುವುದು, ಮತ್ತೆ ಕಟ್ಟುವುದು, ಒಯ್ಯುವವನ ಹಾದಿ ನೋಡುವುದು, ದುಡ್ಡು ಬಂತಾ ಅಂತ ಖಾತೆ ನೋಡುವುದು, ಇವೆಲ್ಲ ಕೆಲಸ ತಾನೇ? ಅಂಗಡಿಯವನು ಮಾಡುತ್ತಿದ್ದ ಕೆಲಸ ನಮ್ಮ ಮನೆಗೆ ಬಂತು.

ಇದೇ ಅಳತೆಗೋಲನ್ನು ತಿರುಗಿಸಿ ಹಿಡಿದರೆ, ಅಂಗಡಿಗೆ ಮರಳದ ಖರೀದಿಯೂ ಅರ್ಥವಾಗುತ್ತದೆ. ಯಾವುದರಲ್ಲಿ ಅನುಮಾನವೇ ಇಲ್ಲವೋ ಅದಕ್ಕೆ ಯಾರೂ ಬಿಸಿಲಲ್ಲಿ ಹೋಗುವುದಿಲ್ಲ. ಮೊಬೈಲ್ ರೀಚಾರ್ಜ್, ಕರೆಂಟ್ ಬಿಲ್ಲು, ಬಸ್ ಟಿಕೆಟ್ ಬುಕಿಂಗ್, ವರ್ಷಗಳಿಂದ ಬಳಸುತ್ತಿರುವ ಅದೇ ಪೇಸ್ಟು, ಅದೇ ಚಾರ್ಜರು. ಇವು ಹೋದವು, ಇನ್ನು ಬರುವುದಿಲ್ಲ. ಬರೀ ಇವನ್ನೇ ನಂಬಿದ್ದ ಸಣ್ಣ ಅಂಗಡಿಗಳಿಗೆ ಪೆಟ್ಟು ಬಿತ್ತು. ಅದನ್ನು ಮುಚ್ಚಿಟ್ಟು ಅಂಗಡಿ ಗೆದ್ದಿತು ಅನ್ನುವುದು ಸರಿಯಲ್ಲ.

ಇನ್ನು ಮೆಣಸಿನಕಾಯಿಗೆ ಬರೋಣ. ನಮ್ಮ ಕಡೆ ಇದನ್ನು ಬಿಟ್ಟು ಕೊಳ್ಳುವ ಮಾತು ಆಡಲಾಗದು. ಫೆಬ್ರುವರಿ, ಮಾರ್ಚ್ ಬಂತೆಂದರೆ ಹಾವೇರಿ, ಗದಗ, ಧಾರವಾಡ ಜಿಲ್ಲೆಯ ಮನೆಗಳಲ್ಲಿ ವರ್ಷದ ಖಾರದ ಪುಡಿಯ ತಯಾರಿ. ಬ್ಯಾಡಗಿ ಕಾಯಿಯೇ ಬೇಕು. ನೆರಿಗೆ ನೆರಿಗೆಯಾದ ಸಿಪ್ಪೆ, ಕಡು ಕೆಂಪು, ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೆಸರು ದೊಡ್ಡದಾದಂತೆ ಆ ಹೆಸರಿನಲ್ಲಿ ಬೇರೆ ತಳಿಯ ಕಾಯಿಯೂ ಮಾರಾಟವಾಗುತ್ತದೆ. ಹೋದ ವರ್ಷದ ಕೋಲ್ಡ್ ಸ್ಟೋರೇಜಿನ ಕಾಯಿಯೂ ಬರುತ್ತದೆ.

ಫೋಟೊದಲ್ಲಿ ಎಲ್ಲ ಕಾಯಿಯೂ ಕೆಂಪೇ. ಕೈಗೆ ಬಂದಾಗ ಬೇರೆ. ನಮ್ಮ ಅತ್ತೆ ಒಂದು ಮುಷ್ಟಿ ಕಾಯಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಚೆನ್ನಾಗಿ ಒಣಗಿದ್ದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಹಸಿ ಉಳಿದಿದ್ದರೆ ಸದ್ದಿಲ್ಲ, ಬೆರಳಿಗೆ ಮೆತ್ತಗೆ ಹತ್ತುತ್ತದೆ. ಅಂಥದ್ದನ್ನು ತಂದರೆ ಪುಡಿಗೆ ಮುಗ್ಗಲು ಬರುತ್ತದೆ. ಆಮೇಲೆ ಒಂದು ಕಾಯಿ ಮುರಿದು ಮೂಗಿಗೆ ಹಿಡಿಯುತ್ತಾರೆ. ಕೊನೆಗೆ ಸಿಪ್ಪೆಯನ್ನು ಅಂಗೈ ಮೇಲೆ ತಿಕ್ಕಿ ಎಷ್ಟು ಬಣ್ಣ ಬಿಟ್ಟಿತು ನೋಡುತ್ತಾರೆ. ಕಿವಿ, ಬೆರಳು, ಮೂಗು, ಕಣ್ಣು ನಾಲ್ಕೂ ದುಡಿಯುತ್ತವೆ. ಪರದೆಯ ಮೇಲೆ ದುಡಿಯುವುದು ಕಣ್ಣು ಒಂದೇ, ಅದೂ ಮಾರುವವನು ತೋರಿಸಿದ್ದನ್ನಷ್ಟೇ ನೋಡುತ್ತದೆ. ತಪ್ಪಾದರೆ ಇಡೀ ವರ್ಷ ಸಾರು ಬಣ್ಣಗೆಟ್ಟಿರುತ್ತದೆ. ವರ್ಷದ ಬಾಬತ್ತನ್ನು ಅಂದಾಜಿನ ಮೇಲೆ ಯಾರು ಬಿಡುತ್ತಾರೆ ಹೇಳಿ?

ಮುಟ್ಟುವುದಕ್ಕೆ ಇನ್ನೊಂದು ಮುಖವೂ ಇದೆ. ಗ್ರಾಹಕರು ಇದನ್ನು ತಿಳಿದಿರಬೇಕು. ಜೋನ್ ಪೆಕ್ ಮತ್ತು ಸುಜಾನ್ ಶು ಎಂಬ ಇಬ್ಬರು ಸಂಶೋಧಕಿಯರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವಸ್ತುವನ್ನು ಸುಮ್ನೆ ಮುಟ್ಟಿದರೂ ಸಾಕು, ಅದು ನಮ್ಮದೇ ಎಂಬ ಭಾವ ಬೆಳೆಯುತ್ತದೆ ಎಂದು ಅದು ತೋರಿಸಿತು. ಜವಳಿ ಅಂಗಡಿಯವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಿಲ್ಲ. ಸೀರೆ ಬಿಚ್ಚಿದ ಕೂಡಲೇ ನೆರಿಗೆ ಹಿಡಿದು ನಿಮ್ಮ ಹೆಗಲ ಮೇಲೆ ಹಾಕಿ ಕನ್ನಡಿ ಮುಂದೆ ನಿಲ್ಲಿಸುತ್ತಾರೆ. "ನಿಮಗಽ ಮಾಡಿದಂಗೈತ್ರಿ" ಅನ್ನುತ್ತಾರೆ. ಅಷ್ಟರಲ್ಲಿ ಸೀರೆ ಅರ್ಧ ನಿಮ್ಮದಾಗಿರುತ್ತದೆ. ಎರಡು ಸಾವಿರಕ್ಕೆ ಅಂತ ಹೋದವರು ನಾಲ್ಕು ಸಾವಿರ ಖರ್ಚು ಮಾಡಿ ಬರುವುದು ಹೀಗೇ. ಮುಟ್ಟಿದರೆ ಅನುಮಾನ ಹೋಗುತ್ತದೆ, ಅದರ ಜೊತೆ ಸ್ವಲ್ಪ ಎಚ್ಚರವೂ ಹೋಗುತ್ತದೆ. ಅದಕ್ಕೇ ಅವ್ವ ಬೆಲೆಯ ಮಾತು ಮುಗಿಯುವವರೆಗೆ ಹೆಗಲ ಮೇಲೆ ಹಾಕಿಸಿಕೊಳ್ಳುವುದಿಲ್ಲ.

ಕಣ್ಣು, ಕೈ ಎರಡಕ್ಕೂ ಸಿಗದ ಅನುಮಾನಗಳೂ ಉಂಟು. ಬಂಗಾರವನ್ನು ಎಷ್ಟು ಮುಟ್ಟಿದರೇನು, 22 ಕ್ಯಾರೆಟ್ಟೋ ಅಲ್ಲವೋ ನಮಗೆ ಹೇಗೆ ಗೊತ್ತು? 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಆ ಮುದ್ರೆ ದೊಡ್ಡ ಸಹಾಯ. ಆದರೂ ನಮ್ಮ ಮಂದಿ ಅಜ್ಜನ ಕಾಲದಿಂದ ಹೋಗುವ ಪತ್ತಾರರ ಅಂಗಡಿಗೇ ಹೋಗುತ್ತಾರೆ. ಇಲ್ಲಿ ಖಾತ್ರಿ ಕೊಡುವುದು ಸರಕಲ್ಲ, ವಿಳಾಸ. ನಾಳೆ ತೊಂದರೆಯಾದರೆ ಅದೇ ಗಲ್ಲಿಯಲ್ಲಿ, ಅದೇ ಗಲ್ಲಾಪೆಟ್ಟಿಗೆಯ ಹಿಂದೆ ಅದೇ ಮುಖ ಸಿಗುತ್ತದೆ.

ಆನ್‌ಲೈನ್ ವ್ಯಾಪಾರಕ್ಕೂ ಕಾನೂನಿದೆ, ಅದನ್ನು ಬಳಸಬೇಕು. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಅಹವಾಲು ಕೇಳುವ ಅಧಿಕಾರಿಯನ್ನು ನೇಮಿಸಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಒಳ್ಳೆಯ ನಿಯಮವೇ. ಆದರೆ ಮದುವೆ ನಾಳೆ ಇದ್ದವರಿಗೆ ಒಂದು ತಿಂಗಳು ಬಹಳ ದೂರ.

ನಂಬಿಕೆಯ ಮಾತು ಬಂದಾಗ ನಮ್ಮ ಓಣಿಯ ಕಿರಾಣಿ ಅಂಗಡಿ ನೆನಪಾಗುತ್ತದೆ. 2021ರ ಏಪ್ರಿಲ್ ಕೊನೆಯಿಂದ ದಿನಸಿ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ದಿನಗೂಲಿಯವರ ಕೈಯಲ್ಲಿ ದುಡ್ಡಿಲ್ಲ. ಆ ಅಂಗಡಿಯ ಅಣ್ಣ ಕೆಂಪು ಬಟ್ಟೆ ಸುತ್ತಿದ ಖಾತೆ ಪುಸ್ತಕ ತೆಗೆದು ಬರೆಯುತ್ತಲೇ ಹೋದರು. ಉದ್ರಿ ಅಂದರೆ ಸಾಲ, ಹೌದು. ಆದರೆ ಯಾವ ಕಾಗದ, ಯಾವ ಒಟಿಪಿ ಇಲ್ಲದೆ, ಮುಖ ನೋಡಿ ಕೊಟ್ಟ ಸಾಲ. ಎರಡು ತಿಂಗಳಾದ ಮೇಲೆ ಜನ ತೀರಿಸಿದರು, ಎಲ್ಲರೂ ಅಲ್ಲದಿದ್ದರೂ ಬಹಳಷ್ಟು ಮಂದಿ. ಈಗ ಆ ಓಣಿಯಲ್ಲಿ ಹತ್ತು ರೂಪಾಯಿ ಕಡಿಮೆಗೆ ಸಿಗುತ್ತದೆ ಅಂತ ಎಣ್ಣೆಯನ್ನು ಬೇರೆ ಕಡೆ ತರಿಸುವವರು ಕಡಿಮೆ. ನನಗೆ ಇದು ಭಾವುಕತೆ ಅನ್ನಿಸುವುದಿಲ್ಲ, ಲೆಕ್ಕಾಚಾರವೇ. ಕಷ್ಟದ ದಿನಕ್ಕೆ ಕಟ್ಟುವ ವಿಮೆಯ ಕಂತು ಆ ಹತ್ತು ರೂಪಾಯಿ.

ಇಲ್ಲಿಯವರೆಗೆ ಹೇಳಿದ್ದು ಸರಕಿನ ವಿಚಾರ. ಸರಕೇ ಕಾರಣವಲ್ಲದ ಪೇಟೆ ಪ್ರಯಾಣವೂ ಇದೆ. ಎಡ್ವರ್ಡ್ ಟಾಬರ್ ಎಂಬವರು 1972ರಲ್ಲಿ 'ಜನ ಯಾಕೆ ಶಾಪಿಂಗ್ ಮಾಡುತ್ತಾರೆ' ಎಂದು ಕೇಳಿ ಉತ್ತರಗಳನ್ನು ಗುಂಪು ಮಾಡಿದರು. ಬೇಸರ ಕಳೆಯುವುದು, ನಾಲ್ಕು ಹೆಜ್ಜೆ ನಡೆಯುವುದು, ಹೊಸತೇನು ಬಂದಿದೆ ತಿಳಿಯುವುದು, ಮನೆಯ ಹೊರಗೆ ಮಂದಿಯನ್ನು ಕಾಣುವುದು, ಚೌಕಾಶಿಯ ಖುಷಿ ಎಲ್ಲ ಅದರಲ್ಲಿವೆ. ಕೊಳ್ಳುವುದು ಅನೇಕ ಕಾರಣಗಳಲ್ಲಿ ಒಂದು ಮಾತ್ರ.

ನಮ್ಮೂರಿನಲ್ಲಿ ಇದಕ್ಕೆ ಇನ್ನೂ ಒಂದು ಪದರ ಸೇರಿಸಬೇಕು. ಹೆಣ್ಣುಮಕ್ಕಳಿಗೆ ಪೇಟೆ ಎಂದರೆ ಯಾರೂ ಪ್ರಶ್ನೆ ಮಾಡದ ಹೊರದಾರಿ. "ಸುಮ್ನೆ ಅಡ್ಡಾಡಿ ಬರ್ತೀನಿ" ಅಂದರೆ ಮನೆಯಲ್ಲಿ ಹತ್ತು ಪ್ರಶ್ನೆ. "ಬ್ಲೌಸ್ ಪೀಸ್ ತರಬೇಕು" ಅಂದರೆ ಪ್ರಶ್ನೆಯೇ ಇಲ್ಲ. ನವಲಗುಂದ, ಕುಂದಗೋಳ, ಅಣ್ಣಿಗೇರಿ, ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗೆ ಬರುವ ಗೆಳತಿಯರ ಗುಂಪು ನೋಡಿ. ಮ್ಯಾಚಿಂಗ್ ಅಂಗಡಿಯಲ್ಲಿ ಅರ್ಧ ತಾಸು, ಬಳೆ ಅಂಗಡಿಯಲ್ಲಿ ಅರ್ಧ ತಾಸು, ಆಮೇಲೆ ದುರ್ಗದಬೈಲಿನಲ್ಲಿ ಗಿರ್ಮಿಟ್, ಮಿರ್ಚಿ. ಬ್ಲೌಸ್ ಪೀಸನ್ನು ಫೋನಿನಲ್ಲಿ ಮನೆಬಾಗಿಲಿಗೆ ತಂದುಕೊಟ್ಟರೆ ಈ ಮಧ್ಯಾಹ್ನವನ್ನೇ ಕಿತ್ತುಕೊಂಡಂತೆ. ಲಾಕ್‌ಡೌನ್‌ನಲ್ಲಿ ಕಳೆದುಹೋದದ್ದು ಈ ಮಧ್ಯಾಹ್ನ. ಎಷ್ಟು ಮಂದಿ ಹೆಣ್ಣುಮಕ್ಕಳು ಆ ದಿನಗಳಲ್ಲಿ ಮನೆಯೊಳಗೇ ಉಸಿರುಗಟ್ಟಿದ್ದರು ಎಂಬುದನ್ನು ನಾವು ಸಾಕಷ್ಟು ಮಾತಾಡಲೇ ಇಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಯೋಜನೆಯ ಬಗ್ಗೆ ವಾದ ಏನೇ ಇರಲಿ, ಪೇಟೆಗೆ ಬರುವ ಖರ್ಚು ಕಡಿಮೆಯಾದರೆ ಪೇಟೆಗೆ ಬರುವುದು ಸುಲಭವಾಗುತ್ತದೆ. ಅಂಗಡಿಗೆ ಜನ ಬರಬೇಕೆಂದರೆ ಮೊದಲು ಊರು ಅವರನ್ನು ಬರಗೊಡಬೇಕು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸುಗಳ ನೆನಪಿದೆಯಲ್ಲ? ಅಧಿಕೃತ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ. ಮುಂದಿನ ತಿಂಗಳೇ ದೇಶಕ್ಕೆ ಬೀಗ ಬಿತ್ತು. ಈಗ ಅದೇ ಬಸ್ಸುಗಳಲ್ಲಿ ಧಾರವಾಡದವರು ಹುಬ್ಬಳ್ಳಿಯ ಬಟ್ಟೆಗೆ, ಹುಬ್ಬಳ್ಳಿಯವರು ಲೈನ್ ಬಜಾರಿನ ಫೇಡೆಗೆ ಓಡಾಡುತ್ತಾರೆ. ಫೇಡೆಗೂ ಸಾಂಕ್ರಾಮಿಕಕ್ಕೂ ಹಳೇ ನಂಟು. ಉತ್ತರ ಭಾರತದ ಉನ್ನಾವ್‌ನಲ್ಲಿ ಪ್ಲೇಗ್ ಬಂದಾಗ ಊರು ಬಿಟ್ಟು ಧಾರವಾಡಕ್ಕೆ ಬಂದ ಠಾಕೂರ್ ಮನೆತನದವರು ಇಲ್ಲಿ ಫೇಡೆ ಶುರು ಮಾಡಿದರು ಎನ್ನುತ್ತಾರೆ.

ಹಾಗಂತ ಅಂಗಡಿಗಳೆಲ್ಲ ಸರಿ ಇವೆ ಅನ್ನುವ ಹಾಗಿಲ್ಲ. 'ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ' ಎಂಬ ಬೋರ್ಡು ಇನ್ನೂ ಎಷ್ಟೋ ಕಡೆ ನೇತಾಡುತ್ತಿದೆ. ನನ್ನ ಮಟ್ಟಿಗೆ ಆ ಬೋರ್ಡು ಗಿರಾಕಿಯನ್ನು ಫೋನಿನ ಕಡೆಗೆ ತಳ್ಳುವ ಕೈ. ಅಂಗಡಿಯ ದೊಡ್ಡ ಬಲವೇ ಅನುಮಾನ ತೀರಿಸುವುದು, ಆ ಬೋರ್ಡು ಹೊಸ ಅನುಮಾನ ಹುಟ್ಟಿಸುತ್ತದೆ. ನಾಲ್ಕು ಸೀರೆ ತೋರಿಸಿ ಐದನೆಯದಕ್ಕೆ ಮುಖ ಗಂಟಿಕ್ಕುವವರೂ ಇದ್ದಾರೆ. ಗಾಡಿ ನಿಲ್ಲಿಸಲು ಜಾಗವಿಲ್ಲದ ಗಲ್ಲಿಗಳಂತೂ ಹೇಳುವುದೇ ಬೇಡ.

ಒಳ್ಳೆಯ ಅಂಗಡಿಯವರು ಮಾಡುವುದು ಬೇರೆ. "ಯಾರಿಗ್ರಿ? ಯಾವ ಕಾರ್ಯಕ್ರಮಕ್ಕ? ಎಷ್ಟರೊಳಗ?" ಎಂದು ಮೂರು ಪ್ರಶ್ನೆ ಕೇಳುತ್ತಾರೆ. ಆಮೇಲೆ ಸಾವಿರ ಸೀರೆಯ ಗೋಡೆಯಿಂದ ಐದಾರನ್ನು ಎಳೆದು ಮುಂದಿಡುತ್ತಾರೆ. ಫೋನಿನಲ್ಲಿ ರಾತ್ರಿ ಹನ್ನೊಂದರವರೆಗೆ ಬೆರಳು ಸವೆಸಿದರೂ ಆಗದ ಆಯ್ಕೆ ಇಲ್ಲಿ ಕಾಲು ತಾಸಿನಲ್ಲಿ ಆಗುತ್ತದೆ. "ಇದು ಬ್ಯಾಡ್ರಿ, ಎರಡು ಸಲ ಒಗದ್ರ ಬಣ್ಣ ಹೋಗ್ತೈತಿ" ಎಂದು ತಮ್ಮದೇ ಮಾಲನ್ನು ಬೇಡ ಅನ್ನುವ ಅಂಗಡಿಯವರನ್ನು ಜನ ಜೀವನಪೂರ್ತಿ ಬಿಡುವುದಿಲ್ಲ.

ಆನ್‌ಲೈನ್‌ನಲ್ಲೇ ಹುಟ್ಟಿದ ಕಂಪನಿಗಳೂ ಇದನ್ನು ಕಂಡುಕೊಂಡಿವೆ. 2010ರಲ್ಲಿ ವೆಬ್‌ಸೈಟಾಗಿ ಶುರುವಾದ ಲೆನ್ಸ್‌ಕಾರ್ಟ್‌ಗೆ ಇವತ್ತು ದೇಶದಲ್ಲಿ ಸಾವಿರಕ್ಕೂ ಜಾಸ್ತಿ ಅಂಗಡಿಗಳಿವೆ. ಕನ್ನಡಕ ಮೂಗಿನ ಮೇಲೆ ಕೂರಿಸಿ ನೋಡಬೇಕಾದ ವಸ್ತು ತಾನೇ. ಸೌಂದರ್ಯ ಸಾಮಗ್ರಿ ಮಾರುವ ನೈಕಾ ಕೂಡ ವೆಬ್‌ಸೈಟಿನಿಂದಲೇ ಅಂಗಡಿಗೆ ಇಳಿಯಿತು. ಲಿಪ್‌ಸ್ಟಿಕ್ಕಿನ ಬಣ್ಣ ತಮ್ಮ ಮೈಬಣ್ಣಕ್ಕೆ ಒಪ್ಪುತ್ತದೋ ಇಲ್ಲವೋ ಎಂಬುದು ಹಚ್ಚಿ ನೋಡಿದರೇ ಗೊತ್ತಾಗುವುದು.

ಇತ್ತ ಅಂಗಡಿಗಳೂ ಫೋನಿನಿಂದ ಕಲಿತಿವೆ. 2016ರಲ್ಲಿ ಬಂದ ಯುಪಿಐ ವಹಿವಾಟುಗಳ ಸಂಖ್ಯೆ 2020ರ ಅಕ್ಟೋಬರ್ ಒಂದೇ ತಿಂಗಳಲ್ಲಿ 200 ಕೋಟಿ ದಾಟಿತ್ತು. ನೋಟು ಮುಟ್ಟಲು ಹೆದರಿದ ದಿನಗಳು ಅದಕ್ಕೆ ವೇಗ ಕೊಟ್ಟವು. ಈಗ ಜನತಾ ಬಜಾರಿನ ಕೊತ್ತಂಬರಿ ಮಾರುವ ಅಜ್ಜಿಯ ಬುಟ್ಟಿಗೂ ಕ್ಯೂಆರ್ ಕೋಡ್ ಕಟ್ಟಿದೆ. ಹೊಸ ಮಾಲು ಬಂದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಬರುತ್ತದೆ. ಮನೆಯಲ್ಲಿ ಫೋಟೊ ನೋಡಿ, ಇದು ಇರಲಿ ಅಂತ ಎತ್ತಿಡಿಸಿ, ಭಾನುವಾರ ಹೋಗಿ ಮುಟ್ಟಿ ನೋಡಿ ತರುವುದು ಈಗ ಮಾಮೂಲು. ಬೆಲೆ ತಿಳಿಯಲು ಫೋನು, ಖಾತ್ರಿಗೆ ಅಂಗಡಿ. ಜನ ಎರಡರಲ್ಲಿ ಒಂದನ್ನು ಆರಿಸಲಿಲ್ಲ, ಕೆಲಸ ಹಂಚಿಕೊಟ್ಟರು.

ಹೋದ ದೀಪಾವಳಿಗೆ ಮತ್ತೆ ಅದೇ ಜವಳಿ ಸಾಲಿಗೆ ಹೋಗಿದ್ದೆವು. ನಮ್ಮ ಪಕ್ಕದಲ್ಲಿ ಒಬ್ಬ ತಾಯಿ ಕೂತಿದ್ದರು. ಎದುರಿಗೆ ಅಂಗಡಿಯ ಹುಡುಗ ಫೋನ್ ಹಿಡಿದು ನಿಂತಿದ್ದ. ವಿಡಿಯೊದಲ್ಲಿ ಮಗಳು, ಬೆಂಗಳೂರಿನ ಯಾವುದೋ ಆಫೀಸಿನಿಂದ. ಹುಡುಗ ಹಸಿರು ಸೀರೆಯ ಸೆರಗನ್ನು ಕ್ಯಾಮೆರಾಗೆ ಹಿಡಿದ. ಮಗಳು ನೋಡಿದಳು. ಹತ್ತಿರ ತರಿಸಿ ಇನ್ನೊಮ್ಮೆ ನೋಡಿದಳು. ಆಮೇಲೆ, "ಅವ್ವಾ, ನೀ ಮುಟ್ಟಿ ನೋಡು, ಹೆಂಗೈತಿ?" ಅಂದಳು. ತಾಯಿ ಬಳೆ ಹಿಂದಕ್ಕೆ ಸರಿಸಿ, ಸೀರೆಯನ್ನು ಅಂಗೈ ಮೇಲೆ ತೆಗೆದುಕೊಂಡರು.